ಜೊತೆಗಾರನ ಮಾತಿಗೆ ಕಿವಿ ಇರಲಿಲ್ಲ: ಜರ್ಮನಿಯ ಸಂಪರ್ಕ ತಂಡಗಳು ಕಂಡದ್ದು, ಕಾಣದೇ ಹೋದದ್ದು

2025ರ ಮೇ 22ರಂದು ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ಕೆಥೆಡ್ರಲ್ ಚೌಕದಲ್ಲಿ ಜರ್ಮನ್ ಸೈನಿಕರು ಸಾಲಾಗಿ ನಿಂತಿದ್ದರು. ಚಾನ್ಸಲರ್ ಫ್ರೀಡ್ರಿಶ್ ಮೆರ್ತ್ಸ್ ಬಂದಿದ್ದರು. ಜರ್ಮನ್ ಸೇನೆಯ 45ನೇ ಟ್ಯಾಂಕ್ ಬ್ರಿಗೇಡ್ ಅಲ್ಲಿ ನೆಲೆಯೂರುವುದನ್ನು ಆ ದಿನ ವಿಧ್ಯುಕ್ತವಾಗಿ ಸಾರಲಾಯಿತು. 2027ರ ಹೊತ್ತಿಗೆ ಸುಮಾರು 4,800 ಸೈನಿಕರು ಮತ್ತು 200 ನಾಗರಿಕ ಸಿಬ್ಬಂದಿ ಅಲ್ಲಿರಬೇಕು ಎಂಬುದು ಯೋಜನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿ ಇಡೀ ಒಂದು ಬ್ರಿಗೇಡನ್ನು ಪರದೇಶದಲ್ಲಿ ಕಾಯಂ ಆಗಿ ಇರಿಸುತ್ತಿರುವುದು ಇದೇ ಮೊದಲು.

ಇದರ ಬಗ್ಗೆ ಯುರೋಪಿನಲ್ಲಿ ನಡೆಯುವ ಚರ್ಚೆ ಹೆಚ್ಚಾಗಿ ಹಣ, ಸೈನಿಕರ ವಸತಿ, ಟ್ಯಾಂಕುಗಳ ಸುತ್ತಲೇ ಇದೆ. ನನ್ನನ್ನು ಕಾಡುವುದು ಇನ್ನೊಂದು ಪ್ರಶ್ನೆ. ದೊಡ್ಡ ಸೇನೆಯೊಂದು ಚಿಕ್ಕ ಸೇನೆಯ ಪಕ್ಕದಲ್ಲಿ ಬಂದು ನಿಂತಾಗ, ಚಿಕ್ಕವರು "ಇಲ್ಲಿ ಅಪಾಯವಿದೆ" ಎಂದರೆ ಆ ಮಾತು ದೊಡ್ಡವರ ನಕಾಶೆಯ ಮೇಜಿನವರೆಗೆ ಹೋಗುತ್ತದೆಯೇ? ಹೋದರೂ ಅಲ್ಲಿ ಅದಕ್ಕೆ ತೂಕವಿರುತ್ತದೆಯೇ? ಜರ್ಮನಿಯ ಸ್ವಂತ ಚರಿತ್ರೆಯಲ್ಲೇ ಇದಕ್ಕೆ ಘೋರವಾದ ಉತ್ತರವೊಂದಿದೆ. 1940ರಿಂದ 1944ರವರೆಗೆ ಅದು ತನ್ನ ಜೊತೆಗಾರ ಸೇನೆಗಳೊಳಗೆ ಕೂರಿಸಿದ್ದ ಸಂಪರ್ಕ ತಂಡಗಳ ಚರಿತ್ರೆ ಅದು.

ಮೊದಲು ಪದದ ಗೊಂದಲ ಬಿಡಿಸಿಕೊಳ್ಳಬೇಕು. ನಮ್ಮ ಶಾಲಾ ಪುಸ್ತಕಗಳಲ್ಲಿ "ಮಿತ್ರರಾಷ್ಟ್ರಗಳು" ಎಂದರೆ ಬ್ರಿಟನ್, ಅಮೆರಿಕ, ಸೋವಿಯತ್ ಒಕ್ಕೂಟದ ಪಾಳಯ. ಇಲ್ಲಿ ಹೇಳುತ್ತಿರುವುದು ಎದುರು ಪಾಳಯದ ಸಂಗತಿ. ಜರ್ಮನಿಯ ಜೊತೆ ನಿಂತು ಕಾದಿದ ರೊಮೇನಿಯಾ, ಇಟಲಿ, ಹಂಗೇರಿ, ಫಿನ್ಲೆಂಡ್‌ಗಳ ಸೇನೆಗಳಿಗೆ "ಜೊತೆಗಾರ ಸೇನೆ" ಎಂದೇ ಕರೆಯುತ್ತೇನೆ.

ಈ ಸೇನೆಗಳ ಒಳಗೆ ಜರ್ಮನರು ಕೂತಿದ್ದ ಜಾಗಗಳು ಹಲವು. ರಾಜಧಾನಿಯಲ್ಲಿ ಸೇನಾ ಮಿಷನ್, ಅಥವಾ ಆ ದೇಶದ ಮುಖ್ಯ ದಂಡಕಚೇರಿಯಲ್ಲಿ ಕುಳಿತ ಒಬ್ಬ "ಜರ್ಮನ್ ಜನರಲ್". ರಣರಂಗಕ್ಕೆ ಬಂದರೆ ಪ್ರತಿ ಸೇನೆಗೆ ಒಬ್ಬ ಜನರಲ್ ಮತ್ತು ಅವನ ಕಚೇರಿ. ಅದರ ಕೆಳಗೆ ಡಿವಿಷನ್‌ಗಳಲ್ಲಿ, ಕೆಲವು ಡಿವಿಷನ್‌ಗಳು ಸೇರಿ ಆಗುವ ಕೋರ್‌ಗಳಲ್ಲಿ ಚಿಕ್ಕ ಚಿಕ್ಕ ತಂಡಗಳು. ಜರ್ಮನ್ ಕಡತಗಳಲ್ಲಿ ಅವುಗಳ ಹೆಸರು ಡಿ.ವಿ.ಕೆ., ಅಂದರೆ ಜರ್ಮನ್ ಸಂಪರ್ಕ ತಂಡ. ಒಂದು ತಂಡವೆಂದರೆ ಬೆರಳೆಣಿಕೆಯ ಅಧಿಕಾರಿಗಳು, ದುಭಾಷಿಗಳು, ಒಂದು ರೇಡಿಯೊ ಸೆಟ್, ಅದನ್ನು ನಡೆಸುವವರು, ಒಂದೆರಡು ವಾಹನ. ದುಭಾಷಿಗಳಲ್ಲಿ ಅನೇಕರು ಭಾಷೆ ಬರುತ್ತದೆಂಬ ಒಂದೇ ಕಾರಣಕ್ಕೆ ಸಮವಸ್ತ್ರ ತೊಡಿಸಿಕೊಂಡ ನಾಗರಿಕರು.

ಕಾಗದದ ಮೇಲೆ ಇವರ ಕೆಲಸ ಸರಳ. ಜರ್ಮನ್ ಆದೇಶವನ್ನು ಜೊತೆಗಾರನಿಗೆ ತಿಳಿಯುವಂತೆ ದಾಟಿಸುವುದು, ಜೊತೆಗಾರನ ಸ್ಥಿತಿಗತಿಯನ್ನು ಮೇಲಕ್ಕೆ ವರದಿ ಮಾಡುವುದು, ಪೆಟ್ರೋಲ್, ಮದ್ದುಗುಂಡು, ವಿಮಾನಗಳ ನೆರವು ಬೇಕಾದಾಗ ಕೇಳಿ ತರಿಸುವುದು. ಮೊದಲ ಎರಡು ಕೆಲಸ ಬಿಡುವಿಲ್ಲದೆ ನಡೆದವು. ಮೂರನೆಯದು ಅವರ ಕೈಯಲ್ಲಿ ಇರಲೇ ಇಲ್ಲ. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟನ್ನೇ: ಈ ತಂಡಗಳು ಸೋತದ್ದಕ್ಕೆ ಭಾಷೆಯನ್ನು ದೂರುವುದು ಸುಲಭ, ಆದರೆ ನಿಜವಾದ ಕೊರತೆ ಅಧಿಕಾರದ್ದು. ಜೊತೆಗಾರ ಕಂಡದ್ದನ್ನು ತೀರ್ಮಾನವಾಗಿ ಬದಲಿಸುವ ಶಕ್ತಿಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಹೊರಗೊಂದು ಮುಖ, ಒಳಗೊಂದು ಮುಖ

ಆರಂಭದಲ್ಲೇ ಬಿರುಕಿತ್ತು. 1940ರ ಅಕ್ಟೋಬರ್‌ನಲ್ಲಿ ಜರ್ಮನ್ ಸೇನಾ ಮಿಷನ್ ರೊಮೇನಿಯಾಕ್ಕೆ ಬಂದಿಳಿಯಿತು. ಅದರ ಮುಖ್ಯಸ್ಥ ಜನರಲ್ ಎರಿಕ್ ಹಾನ್ಸೆನ್. ಅದಕ್ಕೂ ಮುಂಚೆ, ಸೆಪ್ಟೆಂಬರ್ 20ರಂದು ಬರ್ಲಿನ್‌ನಲ್ಲಿ ಹೊರಟ ಆದೇಶವೊಂದು ಮುಂದೆ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷ್ಯವಾಯಿತು. ಲೋಕದ ಕಣ್ಣಿಗೆ ಮಿಷನ್‌ನ ಕೆಲಸ ಸ್ನೇಹಿತ ದೇಶದ ಸೈನ್ಯಕ್ಕೆ ತರಬೇತಿ ಕೊಡುವುದು. ನಿಜವಾದ ಕೆಲಸಗಳು ಬೇರೆ, ಅವನ್ನು ರೊಮೇನಿಯನ್ನರಿಗಾಗಲಿ ಸ್ವಂತ ಸೈನಿಕರಿಗಾಗಲಿ ತಿಳಿಸಬಾರದು ಎಂದೇ ಅದರಲ್ಲಿ ಬರೆದಿತ್ತು: ಎಣ್ಣೆ ಬಾವಿಗಳ ಪ್ರದೇಶವನ್ನು ಕಾಯುವುದು, ಜರ್ಮನಿಯ ಹಿತಕ್ಕೆ ತಕ್ಕಂತೆ ರೊಮೇನಿಯನ್ ಸೇನೆಯನ್ನು ಸಜ್ಜುಗೊಳಿಸುವುದು, ಸೋವಿಯತ್ ಒಕ್ಕೂಟದೊಂದಿಗೆ ಯುದ್ಧವಾದರೆ ರೊಮೇನಿಯಾದ ನೆಲದಿಂದ ದಾಳಿಗೆ ತಯಾರಿ ಮಾಡುವುದು. ಸಂಬಂಧದ ಮೊದಲ ಕಾಗದದಲ್ಲೇ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಮಾತು.

ಜರ್ಮನಿಗೆ ಇದು ಹೊಸ ಅನುಭವವೇನೂ ಆಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಆಟೊಮನ್ ತುರ್ಕಿಯ ಸೇನೆಯೊಳಗೆ ಜರ್ಮನ್ ಅಧಿಕಾರಿಗಳು ಸಲಹೆಗಾರರಾಗಿ ಮಾತ್ರವಲ್ಲ, ನೇರ ನಾಯಕರಾಗಿಯೇ ಇದ್ದರು. ಆ ಮಿಷನ್‌ನ ಮುಖ್ಯಸ್ಥ ಲಿಮಾನ್ ಫಾನ್ ಜಾಂಡರ್ಸ್ ಬಂದದ್ದು 1913ರ ಡಿಸೆಂಬರ್‌ನಲ್ಲಿ. 1918ರಲ್ಲಿ ಪ್ಯಾಲೆಸ್ತೀನ್ ರಣರಂಗದ ತುರ್ಕಿ ಸೇನೆಗಳೆಲ್ಲ ಅವನ ಕೈಕೆಳಗಿದ್ದವು. ಆ ವರ್ಷದ ಸೆಪ್ಟೆಂಬರ್ 20ರ ಬೆಳಗಿನ ಜಾವ ನಜರೆತ್‌ನಲ್ಲಿದ್ದ ಅವನ ಠಾಣ್ಯಕ್ಕೇ ಬ್ರಿಟಿಷ್ ಮತ್ತು ಭಾರತೀಯ ಕುದುರೆ ಸವಾರರು ನುಗ್ಗಿದಾಗ ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡ. ಮೂರು ದಿನಗಳ ನಂತರ, ಸೆಪ್ಟೆಂಬರ್ 23ರಂದು, ಹೈಫಾವನ್ನು ಗೆದ್ದ ಕುದುರೆ ದಾಳಿಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕದ ಮುಂದೆ ಹಾದುಹೋಗುವ ಎಷ್ಟೋ ಜನರಿಗೆ, ಆ ಸವಾರರು ಎದುರಿಸಿದ ತುರ್ಕಿ ಸೇನೆಯ ತಲೆಯಲ್ಲಿ ಒಬ್ಬ ಜರ್ಮನ್ ಇದ್ದ ಎಂಬುದು ಗೊತ್ತಿರಲಾರದು.

ಆ ಮಾದರಿಯನ್ನು 1940ರಲ್ಲಿ ನೇರವಾಗಿ ಹೇರಲು ಬರುವಂತಿರಲಿಲ್ಲ. ಬುಕಾರೆಸ್ಟ್, ಬುಡಾಪೆಸ್ಟ್, ರೋಮ್‌ಗಳಲ್ಲಿದ್ದವು ಮಾನ-ಅಭಿಮಾನದ ವಿಷಯದಲ್ಲಿ ಸೂಕ್ಷ್ಮವಾದ ಸರ್ಕಾರಗಳು. ತಮ್ಮ ಸೈನ್ಯದ ನಾಯಕತ್ವವನ್ನು ಪರರಿಗೆ ಬಿಟ್ಟುಕೊಡಲು ಅವು ಸಿದ್ಧವಿರಲಿಲ್ಲ. ಹಾಗಾಗಿ ಆಜ್ಞೆಗೆ ಸಲಹೆಯ ಹೊದಿಕೆ ಬಂತು. ಆ ಹೊದಿಕೆಯ ಹೆಸರೇ ಸಂಪರ್ಕ ತಂಡ.

ಡಾನ್ ನದಿಯ ದಡ, 1942

ಈ ಏರ್ಪಾಟಿನ ಪರೀಕ್ಷೆ ನಡೆದದ್ದು 1942ರ ಶರತ್ಕಾಲದಲ್ಲಿ. ಜರ್ಮನಿಯ 6ನೇ ಸೇನೆ ಸ್ಟಾಲಿನ್‌ಗ್ರಾಡ್ ನಗರದ ಬೀದಿಗಳಲ್ಲಿ ಸಿಕ್ಕಿಕೊಂಡಿತ್ತು. ಅದರ ಎಡಬದಿಯಲ್ಲಿ, ಡಾನ್ ನದಿಯ ಗುಂಟ ವೊರೊನೆಝ್‌ವರೆಗೆ ಹಬ್ಬಿದ ನೂರಾರು ಕಿಲೋಮೀಟರ್ ಗಡಿಯನ್ನು ಕಾಯಲು ಜರ್ಮನ್ನರ ಬಳಿ ಸೈನ್ಯವಿರಲಿಲ್ಲ. ಆ ಜಾಗಕ್ಕೆ ಮೂರು ಜೊತೆಗಾರ ಸೇನೆಗಳನ್ನು ತಂದು ನಿಲ್ಲಿಸಿದರು: ವಾಯುವ್ಯದಲ್ಲಿ ಹಂಗೇರಿಯ 2ನೇ ಸೇನೆ, ನಡುವೆ ಇಟಲಿಯ 8ನೇ ಸೇನೆ, ಸ್ಟಾಲಿನ್‌ಗ್ರಾಡ್‌ಗೆ ಹತ್ತಿರದಲ್ಲಿ ರೊಮೇನಿಯಾದ 3ನೇ ಸೇನೆ. ಇಟಲಿಯವರು ನಡುವೆ ಬಂದದ್ದಕ್ಕೂ ಕಾರಣವಿತ್ತು. 1940ರ ಆಗಸ್ಟ್‌ನಲ್ಲಿ ಜರ್ಮನಿ ಮತ್ತು ಇಟಲಿ ಮಧ್ಯಸ್ಥಿಕೆ ವಹಿಸಿ ಟ್ರಾನ್ಸಿಲ್ವೇನಿಯಾದ ಉತ್ತರ ಭಾಗವನ್ನು ರೊಮೇನಿಯಾದಿಂದ ಕಿತ್ತು ಹಂಗೇರಿಗೆ ಕೊಟ್ಟಿದ್ದವು. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಈ ಎರಡು ಸೇನೆಗಳು ರಷ್ಯನ್ನರನ್ನು ಬಿಟ್ಟು ಪರಸ್ಪರ ಕಾದಾಡಿಯಾವು ಎಂಬ ಭಯವಿತ್ತು. ಮೂರು ಸೇನೆಗಳ ಕಚೇರಿಯಲ್ಲೂ ಜರ್ಮನ್ ಸಂಪರ್ಕ ತಂಡಗಳಿದ್ದವು. ಅವುಗಳ ಮೇಲೆ ಬಿದ್ದ ಭಾರ ಎಂಥದ್ದೆಂದು ಇಷ್ಟರಿಂದಲೇ ಊಹಿಸಬಹುದು.

ರೊಮೇನಿಯಾದ 3ನೇ ಸೇನೆಯ ಮುಖ್ಯಸ್ಥ ಜನರಲ್ ಪೆತ್ರೆ ದುಮಿತ್ರೆಸ್ಕು. ಅವನ ಪಾಲಿಗೆ ಬಂದದ್ದು ಸುಮಾರು 140 ಕಿಲೋಮೀಟರ್ ಗಡಿ. ಅದರಲ್ಲೂ ಸೆರಾಫಿಮೊವಿಚ್ ಮತ್ತು ಕ್ಲೆಟ್ಸ್‌ಕಾಯಾ ಎಂಬ ಊರುಗಳ ಬಳಿ ನದಿಯ ದಕ್ಷಿಣ ದಡದಲ್ಲಿ ರಷ್ಯನ್ನರು ಆಗಲೇ ಕಾಲೂರಿದ್ದರು. ಅಂದರೆ ನದಿ ಅಲ್ಲಿ ಕಂದಕದ ಕೆಲಸ ಮಾಡುತ್ತಿರಲಿಲ್ಲ. ಶತ್ರು ಈಚೆ ದಡದಲ್ಲೇ ಇದ್ದ. ಆ ನೆಲೆಗಳನ್ನು ಮೊದಲು ಅಳಿಸಬೇಕು, ಇಲ್ಲದಿದ್ದರೆ ಅಲ್ಲಿಂದಲೇ ದಾಳಿ ಬರುತ್ತದೆ ಎಂದು ದುಮಿತ್ರೆಸ್ಕು ಜರ್ಮನ್ನರಿಗೆ ಹೇಳಿದ. ಅಕ್ಟೋಬರ್, ನವೆಂಬರ್‌ಗಳಲ್ಲಿ ರಷ್ಯನ್ ಪಡೆಗಳು ಆ ದಡಗಳಲ್ಲಿ ಜಮಾಯಿಸುತ್ತಿರುವ ಸುದ್ದಿಯೂ ಮೇಲೆ ಹೋಯಿತು. ಉತ್ತರ ಬಂತು, ಆದರೆ ಸೈನ್ಯ ಬರಲಿಲ್ಲ. ಎಲ್ಲ ಬಲವೂ ಸ್ಟಾಲಿನ್‌ಗ್ರಾಡ್ ನಗರಕ್ಕೇ ಬೇಕಿತ್ತು.

ಟ್ಯಾಂಕ್ ಹೊಡೆಯುವ ಫಿರಂಗಿಗಳ ಲೆಕ್ಕ ನೋಡಿದರೆ ಸಂಪರ್ಕದ ನಿಜವಾದ ಅರ್ಥ ತಿಳಿಯುತ್ತದೆ. ರೊಮೇನಿಯನ್ನರ ಬಳಿ ಇದ್ದ 37 ಮತ್ತು 47 ಮಿಲಿಮೀಟರ್ ಫಿರಂಗಿಗಳ ಗುಂಡು ಸೋವಿಯತ್ ಟಿ-34 ಟ್ಯಾಂಕಿನ ಉಕ್ಕಿಗೆ ತಾಗಿ ಸಿಡಿಯುತ್ತಿತ್ತೇ ಹೊರತು ಒಳಹೋಗುತ್ತಿರಲಿಲ್ಲ. ದೊಡ್ಡ ಫಿರಂಗಿ ಬೇಕೆಂದು ಅವರು ಮತ್ತೆ ಮತ್ತೆ ಕೇಳಿದರು. ಸಿಕ್ಕಿದ್ದು ಡಿವಿಷನ್‌ಗೆ ಆರರಂತೆ 75 ಮಿಲಿಮೀಟರ್ ಫಿರಂಗಿಗಳು. ಸಾವಿರಾರು ಸೈನಿಕರ ಒಂದು ಡಿವಿಷನ್, ಹತ್ತಾರು ಕಿಲೋಮೀಟರ್ ಹುಲ್ಲುಗಾವಲು, ಆರು ಫಿರಂಗಿ. ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವಲ್ಲ, ಇದು ಅದೇ. ಅಲ್ಲಿದ್ದ ಸಂಪರ್ಕಾಧಿಕಾರಿಗೆ ಈ ಕೊರತೆ ಕಣ್ಣಿಗೆ ಕಾಣುತ್ತಿತ್ತು, ವರದಿಯನ್ನೂ ಅವನು ಬರೆಯಬಲ್ಲವನಾಗಿದ್ದ. ಆದರೆ ಒಂದೇ ಒಂದು ಫಿರಂಗಿಯನ್ನು ಮಂಜೂರು ಮಾಡುವ ಅಧಿಕಾರ ಅವನಿಗಿರಲಿಲ್ಲ.

ಹಿಂದೆ ಕಾಯ್ದಿರಿಸಿದ ಪಡೆಯಾಗಿ ಜನರಲ್ ಫರ್ಡಿನಾಂಡ್ ಹೈಮ್‌ನ 48ನೇ ಟ್ಯಾಂಕ್ ಕೋರ್ ಇತ್ತು. ಅದರಲ್ಲಿ ಮುಖ್ಯವಾಗಿ ಎರಡು ಡಿವಿಷನ್‌ಗಳು. ಜರ್ಮನ್ನರ 22ನೇ ಟ್ಯಾಂಕ್ ಡಿವಿಷನ್‌ನ ಟ್ಯಾಂಕುಗಳನ್ನು ಪೆಟ್ರೋಲ್ ಅಭಾವದಿಂದ ಬಹಳ ದಿನ ಹುಲ್ಲು ಹೊದಿಸಿ ನಿಲ್ಲಿಸಿದ್ದರು. ಒಳಗೆ ಸೇರಿದ ಇಲಿಗಳು ವೈರುಗಳನ್ನು ಕಡಿದು ಅನೇಕ ಟ್ಯಾಂಕುಗಳು ಹೊರಡಲೇ ಇಲ್ಲ. ಇನ್ನೊಂದು ರೊಮೇನಿಯಾದ 1ನೇ ಟ್ಯಾಂಕ್ ಡಿವಿಷನ್. ಅದರ ಬಹುಪಾಲು ಟ್ಯಾಂಕುಗಳು ಝೆಕ್ ದೇಶದ ಸ್ಕೋಡಾ ಕಾರ್ಖಾನೆಯ ಹಳೆಯ, ಹಗುರ ಮಾದರಿಯವು.

ನವೆಂಬರ್ 19ರ ಮುಂಜಾನೆ, ದಟ್ಟ ಮಂಜಿನಲ್ಲಿ, ಸೋವಿಯತ್ ಫಿರಂಗಿಗಳು ಸಿಡಿದವು. ಆಪರೇಷನ್ ಯುರೇನಸ್ ಶುರುವಾಯಿತು. ದುಮಿತ್ರೆಸ್ಕು ತೋರಿಸಿದ್ದ ಅದೇ ದಡಗಳಿಂದ ಟ್ಯಾಂಕುಗಳು ನುಗ್ಗಿದವು. ಹೈಮ್‌ನ ಕೋರ್‌ಗೆ ಮೊದಲು ಈಶಾನ್ಯಕ್ಕೆ ಹೊರಡಲು ಆಜ್ಞೆ ಬಂತು. ಅದು ಹೊರಟ ಮೇಲೆ ದೂರದ ಹಿಟ್ಲರ್ ಕಚೇರಿಯಿಂದ ದಿಕ್ಕು ಬದಲಿಸಿ ವಾಯುವ್ಯಕ್ಕೆ ಹೋಗಲು ಇನ್ನೊಂದು ಆಜ್ಞೆ. ಈ ಗೊಂದಲದಲ್ಲಿ ಎರಡೂ ಡಿವಿಷನ್‌ಗಳು ಒಂದನ್ನೊಂದು ಅಗಲಿದವು. ರೊಮೇನಿಯನ್ ಡಿವಿಷನ್‌ನೊಂದಿಗೆ ಮಾತಾಡಲು ಕೋರ್‌ಗೆ ಇದ್ದ ದಾರಿ ಅಲ್ಲಿನ ಜರ್ಮನ್ ಸಂಪರ್ಕ ತಂಡದ ರೇಡಿಯೊ. ಕಾದಾಟದ ಆರಂಭದಲ್ಲೇ ಆ ರೇಡಿಯೊ ನಾಶವಾಯಿತು. ಆಮೇಲೆ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ಡಿವಿಷನ್‌ಗಳು ಒಂದೇ ಶತ್ರುವಿನ ವಿರುದ್ಧ, ಒಂದಕ್ಕೊಂದು ಕುರುಡಾಗಿ ಹೋರಾಡಿದವು.

ಈ ರೇಡಿಯೊ ಪ್ರಸಂಗದ ಬಳಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಒಂದು ಇಡೀ ಡಿವಿಷನ್‌ನ ಸಂಪರ್ಕವನ್ನು ಒಂದು ಪರಕೀಯ ತಂಡದ ಕೈಗೆ ಏಕೆ ಕೊಟ್ಟಿದ್ದರು? ರೊಮೇನಿಯನ್ನರ ಸ್ವಂತ ರೇಡಿಯೊಗಳಿಗೆ ಜರ್ಮನ್ ಜಾಲದೊಳಗೆ ಸಮಾನ ಜಾಗ ಕೊಟ್ಟು, ಎರಡು ದಾರಿಗಳನ್ನು ತೆರೆದಿಡಬಹುದಿತ್ತು. ಜರ್ಮನ್ ಕಿವಿಗೆ ಬೀಳುವ ಮಾತೆಲ್ಲ ಜರ್ಮನ್ ಬಾಯಿಂದಲೇ ಬರಬೇಕು ಎಂಬ ವ್ಯವಸ್ಥೆಯಲ್ಲಿ, ಆ ಬಾಯಿ ಮುಚ್ಚಿದ ಕೂಡಲೇ ಜೊತೆಗಾರ ಮೂಕನಾದ.

ನಾಲ್ಕು ದಿನಗಳಲ್ಲಿ, ನವೆಂಬರ್ 23ರಂದು, ಉತ್ತರ ಮತ್ತು ದಕ್ಷಿಣದಿಂದ ಬಂದ ಸೋವಿಯತ್ ಪಡೆಗಳು ಕಲಾಚ್ ಬಳಿ ಕೂಡಿಕೊಂಡವು. 6ನೇ ಸೇನೆ ಸುತ್ತುವರಿಯಲ್ಪಟ್ಟಿತು. ಸುತ್ತಲೂ ಶತ್ರು ಇದ್ದಾಗಲೂ ಹೋರಾಡುತ್ತಿದ್ದ ರೊಮೇನಿಯನ್ ಜನರಲ್ ಮಿಹಾಯಿಲ್ ಲಸ್ಕರ್‌ಗೆ ಹಿಟ್ಲರ್ ಓಕ್ ಎಲೆಗಳ ಪದಕ ಘೋಷಿಸಿದ. ಜರ್ಮನನಲ್ಲದವನಿಗೆ ಆ ಪದಕ ಸಿಕ್ಕಿದ್ದು ಅದೇ ಮೊದಲು. ಅವನಿಗೆ ಬೇಕಿದ್ದದ್ದು ಮದ್ದುಗುಂಡು ಮತ್ತು ಹಿಂದೆ ಸರಿಯಲು ಅಪ್ಪಣೆ. ಅದೇ ದಿನಗಳಲ್ಲಿ ಅವನು ಸೆರೆಯಾದ. 1943ರ ಜನವರಿ ಮೊದಲ ವಾರದ ಹೊತ್ತಿಗೆ ರೊಮೇನಿಯಾ ಕಳೆದುಕೊಂಡವರ ಲೆಕ್ಕ, ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ, ಸುಮಾರು 1,58,000.

ಆಮೇಲೆ ಜರ್ಮನ್ನರು ಮಾಡಿದ್ದೇನು? ಕರ್ನಲ್ ವಾಲ್ಟರ್ ವೆಂಕ್ ಎಂಬ ಚುರುಕು ಅಧಿಕಾರಿಯನ್ನು ದುಮಿತ್ರೆಸ್ಕುವಿನ ಸೇನೆಗೆ ಮುಖ್ಯ ಕಾರ್ಯಾಧಿಕಾರಿಯಾಗಿ ಕಳಿಸಿದರು. ಅವನು ದಾರಿಯಲ್ಲಿ ಸಿಕ್ಕ ಚದುರಿದ ಸೈನಿಕರನ್ನು, ಅಡುಗೆಯವರನ್ನು, ಗುಮಾಸ್ತರನ್ನೆಲ್ಲ ಒಟ್ಟುಗೂಡಿಸಿ ಚಿರ್ ನದಿಯ ಗುಂಟ ಒಂದು ಸಾಲು ಕಟ್ಟಿದ. ಸಮರ್ಥ ಕೆಲಸವೇ. ಆದರೆ ಗಮನಿಸಿ: ರೊಮೇನಿಯನ್ ಸೇನೆಯ ಕಚೇರಿಗೆ ಅಧಿಕಾರವುಳ್ಳ ಜರ್ಮನ್ ಬಂದದ್ದು ಆ ಸೇನೆ ಚೂರಾದ ಮೇಲೆ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು.

ಹೊಣೆ ಯಾರ ತಲೆಗೆ ಕಟ್ಟಬೇಕೆಂಬ ಹುಡುಕಾಟವೂ ಶುರುವಾಯಿತು. ಹೈಮ್‌ನನ್ನು ಹಿಟ್ಲರ್ ಸೆರೆಗೆ ತಳ್ಳಿದ. ರಣರಂಗದಲ್ಲಿ ರೊಮೇನಿಯನ್ ಸೈನಿಕರಿಗೆ ಜರ್ಮನ್ನರಿಂದ ಆದ ಅವಮಾನ, ಹಿಂಸೆಗಳ ಬಗ್ಗೆ ರೊಮೇನಿಯಾದ ಸರ್ವಾಧಿಕಾರಿ ಮಾರ್ಷಲ್ ಅಂತೊನೆಸ್ಕು ಡಿಸೆಂಬರ್‌ನಲ್ಲಿ ಜರ್ಮನ್ ಸೇನಾಪತಿ ಮಾನ್‌ಸ್ಟೈನ್‌ಗೆ ಉದ್ದದ ದೂರು ಬರೆದ. ಸಂಪರ್ಕ ತಂಡಗಳು ಇಂಥದ್ದನ್ನು ತಡೆಯಲೆಂದೇ ಇದ್ದವು.

ಇಟಲಿ, ಹಂಗೇರಿ: ಅದೇ ಕತೆ, ಬೇರೆ ಭಾಷೆ

ಇಟಲಿಯವರೊಂದಿಗಿನ ಮನಸ್ತಾಪ ಆಗಸ್ಟ್‌ನಲ್ಲೇ ಹತ್ತಿಕೊಂಡಿತ್ತು. ಸ್ಫೋರ್ಜೆಸ್ಕಾ ಎಂಬ ಇಟಾಲಿಯನ್ ಡಿವಿಷನ್ ಸೋವಿಯತ್ ದಾಳಿಗೆ ಸಿಕ್ಕಿ ಹಿಂದೆ ಸರಿದಾಗ, ಜರ್ಮನ್ನರು ಆ ಭಾಗವನ್ನು ತಮ್ಮ 17ನೇ ಕೋರ್‌ನ ಕೈಗೆ ಕೊಟ್ಟರು. ಇಟಲಿಯ ಜನರಲ್ ಜಿಯೊವಾನ್ನಿ ಮೆಸ್ಸೆಗೆ ಇದು ಎಲ್ಲರೆದುರು ಕೆನ್ನೆಗೆ ಹೊಡೆದಂತಾಯಿತು. ಆ ವರ್ಷ ಮುಗಿಯುವ ಮುಂಚೆಯೇ ಅವನು ರಷ್ಯಾ ಬಿಟ್ಟು ಹೊರಟ. ಆ ಹೊತ್ತಿನಲ್ಲೇ ಜನರಲ್ ಕುರ್ಟ್ ಫಾನ್ ಟಿಪ್ಪೆಲ್‌ಸ್ಕಿರ್ಶ್ ಇಟಲಿಯ 8ನೇ ಸೇನೆಗೆ ಜರ್ಮನ್ ಜನರಲ್ ಆಗಿ ಬಂದ. ಅಷ್ಟು ದೊಡ್ಡ ಹುದ್ದೆಯವನನ್ನು ಕಳಿಸಿದ್ದು ಗೌರವದ ಸೂಚನೆ ಎಂದು ಹೇಳಲು ಬರುತ್ತಿತ್ತು. ಇಟಲಿಯವರಿಗೆ ಅದು ಕಾವಲಿನಂತೆ ಕಂಡಿತು. ಎರಡೂ ನಿಜವೇ. ಡಿಸೆಂಬರ್ 16ರಂದು ಸೋವಿಯತ್ ದಾಳಿ ಆ ಸೇನೆಯ ಮೇಲೆ ಬಿದ್ದಾಗ ಟಿಪ್ಪೆಲ್‌ಸ್ಕಿರ್ಶ್‌ನ ಬಳಿ ವರದಿಗಳಿದ್ದವು, ಟ್ಯಾಂಕುಗಳು ಸಾಲದಾಗಿದ್ದವು.

ಹಂಗೇರಿಯ 2ನೇ ಸೇನೆಯ ಸರದಿ ಬಂದದ್ದು 1943ರ ಜನವರಿ 12ಕ್ಕೆ, ಮೈನಸ್ 30 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ. ಸುಮಾರು 2 ಲಕ್ಷ ಜನರ ಆ ಸೇನೆ 200 ಕಿಲೋಮೀಟರ್‌ನಷ್ಟು ಗಡಿ ಕಾಯುತ್ತಿತ್ತು. ಅದರ ಬೆನ್ನಿಗೆ ಜರ್ಮನ್ ಜನರಲ್ ಹಾನ್ಸ್ ಕ್ರಾಮರ್‌ನ ಕೋರ್ ನಿಂತಿತ್ತು. ಆದರೆ ಹಿಟ್ಲರ್‌ನ ಅಪ್ಪಣೆ ಇಲ್ಲದೆ ಅದನ್ನು ಬಳಸುವಂತಿರಲಿಲ್ಲ, ಅಪ್ಪಣೆ ಬರುವ ಹೊತ್ತಿಗೆ ಸಾಲು ಹರಿದಿತ್ತು. ಹಂಗೇರಿಯ ಸೇನಾಪತಿ ಗುಸ್ತಾವ್ ಯಾನಿ ಹಿಮ್ಮೆಟ್ಟಲು ಕೇಳಿದ ಅನುಮತಿಯೂ ಬೇಗ ಸಿಗಲಿಲ್ಲ. ಲಕ್ಷಕ್ಕೂ ಮಿಕ್ಕಿ ಸೈನಿಕರು ಸತ್ತರು, ಗಾಯಗೊಂಡರು, ಸೆರೆಯಾದರು. ಜನವರಿ 24ರಂದು ಯಾನಿ ಹೊರಡಿಸಿದ ಆದೇಶದಲ್ಲಿ ತನ್ನದೇ ಸೇನೆ ಮಾನ ಕಳೆದುಕೊಂಡಿತು ಎಂದು ಬರೆದ. ಅದನ್ನು ಮುಂದೆ ಹಿಂತೆಗೆದುಕೊಂಡರೂ ಆ ಮಾತು ಹಂಗೇರಿಯ ನೆನಪಿನಿಂದ ಅಳಿದಿಲ್ಲ. ಮಾನದ ಪ್ರಶ್ನೆ ಕೇಳಬೇಕಿದ್ದದ್ದು ಕಂದಕದಲ್ಲಿ ಹೆಪ್ಪುಗಟ್ಟಿದವರನ್ನಲ್ಲ ಎಂದು ನನಗನ್ನಿಸುತ್ತದೆ.

ಕೇಳಿಸಿಕೊಂಡ ಕೆಲವರು

ಸಂಪರ್ಕ ತಂಡದಲ್ಲಿದ್ದವರೆಲ್ಲ ಕಿವುಡರಾಗಿರಲಿಲ್ಲ. 1943ರ ಜೂನ್‌ನಲ್ಲಿ ಸಿಸಿಲಿ ದ್ವೀಪದ ಇಟಾಲಿಯನ್ 6ನೇ ಸೇನೆಗೆ ಸಂಪರ್ಕ ಜನರಲ್ ಆಗಿ ಬಂದ ಫ್ರಿಡೊ ಫಾನ್ ಸೆಂಗರ್ ಆಕ್ಸ್‌ಫರ್ಡ್‌ನಲ್ಲಿ ಓದಿದವನು, ಇಟಲಿಯವರನ್ನು ಗೌರವದಿಂದ ಕಂಡವನು. ದ್ವೀಪದಲ್ಲಿದ್ದ ಎರಡು ಜರ್ಮನ್ ಡಿವಿಷನ್‌ಗಳನ್ನು ಪೂರ್ವ ಭಾಗದಲ್ಲಿ ಒಟ್ಟಿಗೆ ಇರಿಸಬೇಕು ಎಂಬುದು ಇಟಲಿಯ ಸೇನಾಪತಿ ಗುಜ್ಜೋನಿಯ ಅಭಿಪ್ರಾಯ. ಜರ್ಮನ್ ಫೀಲ್ಡ್ ಮಾರ್ಷಲ್ ಕೆಸ್ಸೆಲ್ರಿಂಗ್ ಒಂದು ಡಿವಿಷನ್‌ನ ಬಹುಭಾಗವನ್ನು ಪಶ್ಚಿಮಕ್ಕೆ ಕಳಿಸಿದ. ಜುಲೈ 10ರಂದು ಮಿತ್ರರಾಷ್ಟ್ರಗಳು ಇಳಿದದ್ದು ಆಗ್ನೇಯದ ಕರಾವಳಿಯಲ್ಲಿ. ಆ ಸುದ್ದಿ ಇನ್ನೊಂದು ಜರ್ಮನ್ ಡಿವಿಷನ್ ಆದ ಹೆರ್ಮಾನ್ ಗೋರಿಂಗ್‌ಗೆ ಮುಟ್ಟಿದ್ದು ಅದೇ ದ್ವೀಪದ ಇಟಾಲಿಯನ್ ಕಚೇರಿಯಿಂದಲ್ಲ, ಸಮುದ್ರದಾಚೆ ರೋಮ್ ಬಳಿಯಿದ್ದ ಕೆಸ್ಸೆಲ್ರಿಂಗ್ ಕಚೇರಿಯಿಂದ. ಸೆಂಗರ್‌ನ ಒಳ್ಳೆಯತನ ಈ ದಾರಿಯನ್ನು ನೇರ ಮಾಡಲಾರದೇ ಹೋಯಿತು. ಅದೇ ಸೆಪ್ಟೆಂಬರ್‌ನಲ್ಲಿ ಇಟಲಿ ಶರಣಾದಾಗ, ಕಾರ್ಸಿಕಾದಲ್ಲಿದ್ದ ಅವನಿಗೆ ಸೆರೆಸಿಕ್ಕ ಇಟಾಲಿಯನ್ ಅಧಿಕಾರಿಗಳನ್ನು ಗುಂಡಿಕ್ಕಿ ಕೊಲ್ಲುವ ಆಜ್ಞೆ ಬಂತು. ಅವನು ಒಪ್ಪಲಿಲ್ಲ. ಗ್ರೀಸಿನ ಕೆಫಲೋನಿಯಾದಲ್ಲಿ ಅಂಥ ಆಜ್ಞೆ ಪಾಲನೆಯಾಯಿತು.

ಫಿನ್ಲೆಂಡಿನ ಕತೆ ಬೇರೆ, ಅದಕ್ಕೆ ಕಾರಣ ಜರ್ಮನ್ನರ ಸೌಜನ್ಯವಲ್ಲ. ಅಲ್ಲಿನ ಮಿಕೆಲಿ ಪಟ್ಟಣದ ಮುಖ್ಯ ದಂಡಕಚೇರಿಯಲ್ಲಿ 1941ರಿಂದ 1944ರವರೆಗೆ ಜನರಲ್ ವಾಲ್ಡೆಮಾರ್ ಎರ್‌ಫುರ್ಟ್ ಕುಳಿತಿದ್ದ. ಫಿನ್ಲೆಂಡಿನ ಸೇನಾಪತಿ ಮಾರ್ಷಲ್ ಮ್ಯಾನರ್‌ಹೈಮ್ ಅವನನ್ನು ಗೌರವದಿಂದ ಕಂಡ, ಆದರೆ ಲೆನಿನ್‌ಗ್ರಾಡ್ ಮೇಲಿನ ದಾಳಿಗೆ ತನ್ನ ಸೈನ್ಯ ಕೊಡಲಿಲ್ಲ. ಉತ್ತರದ ಲ್ಯಾಪ್‌ಲೆಂಡಿನಲ್ಲಿದ್ದ ಜರ್ಮನ್ ಪಡೆಗಳ ನಾಯಕತ್ವವನ್ನೂ ಬೇಡವೆಂದ. ಅದನ್ನು ಒಪ್ಪಿದರೆ ತಾನೂ ಬರ್ಲಿನ್‌ನ ಆಜ್ಞೆಗೆ ಬೀಳುತ್ತೇನೆಂದು ಅವನಿಗೆ ಗೊತ್ತಿತ್ತು. ಜೊತೆಗೆ ಜರ್ಮನ್ ಕಚೇರಿಯಲ್ಲಿ ಫಿನ್ಲೆಂಡಿನ ಜನರಲ್ ಒಬ್ಬನೂ ಇರುವಂತೆ ನೋಡಿಕೊಂಡ. ಹೀಗೆ ಸಂಪರ್ಕ ಎರಡೂ ದಿಕ್ಕಿಗೆ ಹರಿಯಿತು. ಸ್ಟಾಲಿನ್‌ಗ್ರಾಡ್ ಬಿದ್ದ ಮರುದಿನ, 1943ರ ಫೆಬ್ರುವರಿ 3ರಂದು, ಇದೇ ಮಿಕೆಲಿಯಲ್ಲಿ ಫಿನ್ಲೆಂಡಿನ ನಾಯಕರು ಸೇರಿ ಯುದ್ಧದಿಂದ ಹೊರಬರುವ ದಾರಿ ಹುಡುಕಬೇಕೆಂಬ ತೀರ್ಮಾನಕ್ಕೆ ಬಂದರು.

ಜಪಾನಿಯರು ಆಜಾದ್ ಹಿಂದ್ ಫೌಜ್‌ನೊಂದಿಗೆ ವ್ಯವಹರಿಸಲು ಕಟ್ಟಿದ ಹಿಕಾರಿ ಕಿಕಾನ್ ಎಂಬ ಸಂಪರ್ಕ ಸಂಸ್ಥೆಯ ಕತೆಯೂ ಇದಕ್ಕೆ ಹೋಲುತ್ತದೆ. ಜಪಾನಿನ ಫೀಲ್ಡ್ ಮಾರ್ಷಲ್ ತೆರೌಚಿಗೆ ಭಾರತೀಯ ಸೈನಿಕರು ಬೇಕಿದ್ದದ್ದು ಗೂಢಚರ್ಯೆಗೆ, ಪ್ರಚಾರಕ್ಕೆ. ನೇತಾಜಿ ಅದಕ್ಕೆ ಒಪ್ಪಲಿಲ್ಲ. ತಮ್ಮ ಸೈನ್ಯ ಸೈನ್ಯವಾಗಿಯೇ ಮುಂಚೂಣಿಯಲ್ಲಿ ನಿಲ್ಲಬೇಕು ಎಂದು ಹಟ ಹಿಡಿದರು. ಕೊನೆಗೆ ಪರೀಕ್ಷಾರ್ಥವಾಗಿ ಒಂದು ರೆಜಿಮೆಂಟ್‌ಗೆ ಅವಕಾಶ ಸಿಕ್ಕಿತು. ಬಡ ಜೊತೆಗಾರನಿಗೆ ಆ ಹಟ ಒಂದೇ ಬಂಡವಾಳ. ಮ್ಯಾನರ್‌ಹೈಮ್‌ನ ಬಳಿ ಅದರ ಜೊತೆಗೆ ಸ್ವಂತ ನೆಲವೂ ಇತ್ತು.

ಕೈಗೆ ಮೆತ್ತಿದ ರಕ್ತ

ಸಂಪರ್ಕ ತಂಡಗಳನ್ನು ಬರೀ ದುಭಾಷಿ-ರೇಡಿಯೊಗಳ ಕತೆಯಾಗಿ ಬರೆದರೆ ಅದು ಸುಳ್ಳಾಗುತ್ತದೆ. 1941ರ ಆಗಸ್ಟ್ 30ರಂದು ತಿಘಿನಾ ಎಂಬಲ್ಲಿ ರೊಮೇನಿಯಾದ ಜನರಲ್ ತತರಾನು ಮತ್ತು ಜರ್ಮನ್ ಮಿಷನ್‌ನ ಆರ್ಥರ್ ಹೌಫೆ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ನೀಸ್ಟರ್ ಮತ್ತು ಬುಗ್ ನದಿಗಳ ನಡುವಿನ ಸೋವಿಯತ್ ನೆಲದ ಆಡಳಿತ ರೊಮೇನಿಯಾಕ್ಕೆ ಸಿಕ್ಕಿತು. ಅದರ ಒಂದು ಕಲಮು ಯಹೂದಿಗಳ ಕುರಿತದ್ದು: ಸದ್ಯಕ್ಕೆ ಅವರನ್ನು ಬುಗ್ ನದಿಯಾಚೆ ಅಟ್ಟಲಾಗದು, ಹಾಗಾಗಿ ಶಿಬಿರಗಳಲ್ಲಿ ಕೂಡಿಹಾಕಿ ದುಡಿಸಬೇಕು. ರೊಮೇನಿಯಾದ ಅಧಿಕೃತ ಇತಿಹಾಸ ಆಯೋಗ 2004ರಲ್ಲಿ ಕೊಟ್ಟ ಲೆಕ್ಕದಂತೆ, ರೊಮೇನಿಯಾದ ಆಡಳಿತದ ಕೆಳಗಿದ್ದ ಪ್ರದೇಶಗಳಲ್ಲಿ 2,80,000ದಿಂದ 3,80,000 ಯಹೂದಿಗಳು ಸತ್ತರು. ಗಡಿಗೆ ಫಿರಂಗಿ ತರಿಸುವಾಗ ಕಾಣದ ದಕ್ಷತೆ ಈ ಕಾಗದಪತ್ರದಲ್ಲಿ ಕಾಣುತ್ತದೆ.

ಕ್ರೊವೇಷಿಯಾದ ರಾಜಧಾನಿ ಝಾಗ್ರೆಬ್‌ನಲ್ಲಿದ್ದ "ಜರ್ಮನ್ ಜನರಲ್" ಎಡ್ಮುಂಡ್ ಗ್ಲೈಸೆ ಫಾನ್ ಹೊರ್‌ಸ್ಟೆನಾವ್, ಅಲ್ಲಿ ಆಳುತ್ತಿದ್ದ ಉಸ್ತಾಶೆ ಎಂಬ ಫ್ಯಾಸಿಸ್ಟ್ ಪಕ್ಷದ ಪಡೆಗಳು ಸರ್ಬರನ್ನು ಕೊಲ್ಲುತ್ತಿರುವುದನ್ನು ವರದಿಗಳಲ್ಲಿ ಬಣ್ಣಿಸಿ ಮೇಲಕ್ಕೆ ಕಳಿಸಿದ. ಅವನಿಗೆ ಕಾಣುತ್ತಿತ್ತು, ಅಸಹ್ಯವೂ ಆಗುತ್ತಿತ್ತು. ಆದರೂ 1944ರವರೆಗೆ ಅದೇ ಕುರ್ಚಿಯಲ್ಲಿ ಇದ್ದ.

ನಾಲ್ಕು ವರ್ಷ ನೋಡಿ, ಏನೂ ಕಾಣದೆ

ಜೊತೆಗಾರನ ಮೇಲೆ ಕಣ್ಣಿಡಲೆಂದೇ ಇದ್ದ ವ್ಯವಸ್ಥೆ ಕೊನೆಗೆ ಕಣ್ಣಿನ ಕೆಲಸದಲ್ಲೂ ಸೋತಿತು. 1944ರ ಆಗಸ್ಟ್ 23ರಂದು ರೊಮೇನಿಯಾದ ಯುವ ರಾಜ ಮಿಹಾಯಿ ಅರಮನೆಯಲ್ಲೇ ಅಂತೊನೆಸ್ಕುವನ್ನು ಬಂಧಿಸಿ ದೇಶವನ್ನು ಎದುರು ಪಾಳಯಕ್ಕೆ ತಿರುಗಿಸಿದ. ಬುಕಾರೆಸ್ಟ್‌ನಲ್ಲಿ ಜರ್ಮನ್ ಮಿಷನ್ ಇತ್ತು, ಎಣ್ಣೆ ಪ್ರದೇಶ ಕಾಯುವ ವಾಯುಸೇನೆಯ ಜನರಲ್ ಗೆರ್‌ಸ್ಟೆನ್‌ಬರ್ಗ್ ಇದ್ದ, ರಾಯಭಾರಿ ಕಿಲ್ಲಿಂಗರ್ ಇದ್ದ. ಯಾರಿಗೂ ಸುಳಿವು ಸಿಕ್ಕಿರಲಿಲ್ಲ. ಕಿಲ್ಲಿಂಗರ್ ಗುಂಡು ಹಾರಿಸಿಕೊಂಡು ಸತ್ತ. ಹಾನ್ಸೆನ್ ಸೋವಿಯತ್ ಸೆರೆಗೆ ಬಿದ್ದು 1955ರವರೆಗೆ ಅಲ್ಲೇ ಕೊಳೆತ. ರೊಮೇನಿಯನ್ ಅಧಿಕಾರಿಗಳು ಅಷ್ಟು ವರ್ಷ ಜರ್ಮನ್ನರೊಂದಿಗೆ ಒಂದೇ ಮೇಜಿನಲ್ಲಿ ಉಂಡಿದ್ದರು. ತಮ್ಮ ಮಾತಿಗೆ ಬೆಲೆಯಿಲ್ಲವೆಂದು 1942ರಲ್ಲೇ ಕಲಿತವರು, ಬೆಲೆಯುಳ್ಳ ಮಾತನ್ನು ಅವರೆದುರು ಆಡುವುದನ್ನು ನಿಲ್ಲಿಸಿದ್ದರು.

ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಯಾಗುವುದಿಲ್ಲ, ನನಗೆ ಇದೇ ಹೆಚ್ಚು ಮುಖ್ಯ. ಯುದ್ಧದ ನಂತರ ಅಮೆರಿಕದ ಸೇನೆ ಹಾಲ್ಡರ್ ಎಂಬ ಮಾಜಿ ಜರ್ಮನ್ ಜನರಲ್‌ನ ಮೇಲ್ವಿಚಾರಣೆಯಲ್ಲಿ ನೂರಾರು ಜರ್ಮನ್ ಅಧಿಕಾರಿಗಳಿಂದ ಯುದ್ಧದ ಚರಿತ್ರೆ ಬರೆಸಿತು. ಅದರ ಜೊತೆಗೆ ಜನರಲ್‌ಗಳ ಆತ್ಮಕತೆಗಳು ಬಂದವು. ಡಾನ್ ದಡದಲ್ಲಿ ಓಡಿಹೋದ ರೊಮೇನಿಯನ್, ಕೈಯೆತ್ತಿದ ಇಟಾಲಿಯನ್ ಎಂಬ ಚಿತ್ರ ಹುಟ್ಟಿದ್ದು ಅಲ್ಲಿಂದ. ಅದರ ಬೇರು ಹೋಗಿ ನಿಲ್ಲುವುದು ಸಂಪರ್ಕ ತಂಡಗಳಂಥ ಜರ್ಮನ್ ಕಚೇರಿಗಳು ಬರೆದ ವರದಿಗಳಲ್ಲಿ. ಅಂದರೆ ರಣರಂಗದಲ್ಲಿ ಜೊತೆಗಾರನ ಬಾಯಿ ಕಟ್ಟಿದ ವ್ಯವಸ್ಥೆಯೇ ಚರಿತ್ರೆಯಲ್ಲೂ ಅವನ ಪರವಾಗಿ ಮಾತಾಡಿತು. ಬುಕಾರೆಸ್ಟ್, ಬುಡಾಪೆಸ್ಟ್, ರೋಮ್‌ಗಳ ಸೇನಾ ಕಡತಗಳನ್ನೂ ಎದುರಿಗಿಟ್ಟುಕೊಂಡು ಓದುವ ಕೆಲಸ ತಡವಾಗಿ ಶುರುವಾಯಿತು. ಆರು ಫಿರಂಗಿಗಳ ಲೆಕ್ಕ ಹಾಕದೆ ಹೇಡಿತನದ ತೀರ್ಪು ಕೊಡುವ ಬರಹಗಳು ಇವತ್ತಿಗೂ ಸಿಗುತ್ತವೆ.

ಇಂದಿನ ಮೇಜುಗಳು

ಈಗಿನ ಯುರೋಪನ್ನು 1942ಕ್ಕೆ ಸಮೀಕರಿಸುವುದು ಅನ್ಯಾಯ. ಅಂದಿನ ಜರ್ಮನಿ ವಿನಾಶದ ಯುದ್ಧಕ್ಕೆ ಜೊತೆಗಾರರನ್ನು ಎಳೆದಿತ್ತು. ಇಂದಿನದು ಜೊತೆಗಾರರು ಕರೆದದ್ದಕ್ಕೆ ಬಂದಿದೆ. ಆದರೂ ಸೇನೆಗಳ ನಡುವಿನ ಮೇಜಿನ ಪ್ರಶ್ನೆ ಹಾಗೇ ಇದೆ. ಉಕ್ರೇನ್‌ಗೆ ಶಸ್ತ್ರ ಮತ್ತು ತರಬೇತಿಯ ನೆರವನ್ನು ಹೊಂದಿಸುವ ನ್ಯಾಟೊ ಕಚೇರಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿದೆ. 2024ರ ಶರತ್ಕಾಲದಲ್ಲಿ ಉತ್ತರ ಕೊರಿಯಾದ ಸಾವಿರಾರು ಸೈನಿಕರು ರಷ್ಯಾದ ಕುರ್ಸ್ಕ್ ಪ್ರದೇಶಕ್ಕೆ ಬಂದರು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಅದನ್ನು ಬಹಿರಂಗವಾಗಿ ಒಪ್ಪಿಕೊಂಡವು. ಭಾಷೆ ಬಾರದ ನೆಲದಲ್ಲಿ, ಪರರ ನಕಾಶೆಯ ಮೇಲೆ ಹೋರಾಡಿ ಸತ್ತ ಆ ಹುಡುಗರ ಪಕ್ಕದಲ್ಲಿ ಯಾರು ಕುಳಿತಿದ್ದರು, ಅವರ ಮಾತು ಎಲ್ಲಿಗೆ ಹೋಯಿತು ಎಂದು ಕೇಳುವವರಿಲ್ಲ.

ಬೇರೆ ದಾರಿಯೂ ಇದೆ. ನೆದರ್ಲೆಂಡ್ಸ್ 2011ರಲ್ಲಿ ತನ್ನ ಟ್ಯಾಂಕುಗಳನ್ನು ಬಿಟ್ಟುಕೊಟ್ಟಿತು. ಆಮೇಲೆ ಅದರ ಟ್ಯಾಂಕ್ ಸೈನಿಕರು ಜರ್ಮನಿಯ 414ನೇ ಟ್ಯಾಂಕ್ ಬೆಟಾಲಿಯನ್‌ನಲ್ಲಿ ಜರ್ಮನ್ನರ ಜೊತೆಯಲ್ಲೇ ದಿನನಿತ್ಯ ಕೆಲಸ ಮಾಡತೊಡಗಿದರು. 2023ರ ಹೊತ್ತಿಗೆ ಅದರ ಮೂರೂ ಯುದ್ಧ ಬ್ರಿಗೇಡ್‌ಗಳು ಜರ್ಮನ್ ಡಿವಿಷನ್‌ಗಳೊಳಗೆ ಸೇರಿದವು. ಅಲ್ಲಿ ಪ್ರತ್ಯೇಕ ಸಂಪರ್ಕ ತಂಡವೊಂದು ವರದಿ ಹೊತ್ತು ಓಡಾಡುವ ಅಗತ್ಯ ಕಡಿಮೆ. ಒಂದೇ ಕಚೇರಿಯಲ್ಲಿ ಎರಡೂ ದೇಶದವರು ಹುದ್ದೆ ಹಂಚಿಕೊಂಡಿದ್ದಾರೆ. ಡಚ್ ಸೈನಿಕರನ್ನು ಯುದ್ಧಕ್ಕೆ ಕಳಿಸುವ ತೀರ್ಮಾನ ಮಾತ್ರ ಹೇಗ್‌ನ ಸರ್ಕಾರದ್ದೇ.

ಲಿಥುವೇನಿಯಾ ಈಗ ಸ್ವಂತದ್ದೊಂದು ಡಿವಿಷನ್ ಕಟ್ಟುತ್ತಿದೆ. ಅದರ ಪಕ್ಕದಲ್ಲೇ 45ನೇ ಬ್ರಿಗೇಡ್ ಇರುತ್ತದೆ. ಮುಂದೊಂದು ದಿನ ಅಲ್ಲಿನ ಕಾಡಿನ ಅಂಚಿನ ಹಳ್ಳಿಯೊಂದನ್ನು ನಕಾಶೆಯಲ್ಲಿ ತೋರಿಸಿ ಲಿಥುವೇನಿಯಾದ ಅಧಿಕಾರಿ "ಇಲ್ಲಿಂದ ಬರುತ್ತಾರೆ" ಎಂದರೆ, ಎದುರಿಗೆ ಕೂತ ಜರ್ಮನ್ ಅಧಿಕಾರಿ ಯಾವ ಪಡೆಯನ್ನು, ಯಾರನ್ನೂ ಕೇಳದೆ, ಎಷ್ಟು ಗಂಟೆಯೊಳಗೆ ಹೊರಡಿಸಬಲ್ಲ? ದುಮಿತ್ರೆಸ್ಕುವಿನ ಎದುರಿಗೆ ಕೂತಿದ್ದವನ ಬಳಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ.